ಅಲ್ಪಾಯುಷಿಯ ಅಹವಾಲು

ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಬೆಳಗಿನ ಆರೂಕಾಲು. ಮೂರು ಸಾವಿರ ಮೀಟರ್ ಓಟಕ್ಕೆ ತಯಾರಾಗುತ್ತಿರುವ ಹದಿನಾರರ ಹುಡುಗಿಯೊಬ್ಬಳು ಸಿಂಥೆಟಿಕ್ ಟ್ರ್ಯಾಕಿನ ಮೇಲೆ ಸುತ್ತು ಹಾಕುತ್ತಿದ್ದಾಳೆ. ಸಂದರ್ಶನ ನಡೆದದ್ದು ಅವಳ ಬಲತೊಡೆಯ ಸ್ನಾಯುವಿನೊಳಗೆ. ಮಾತಿಗೆ ಸಿಕ್ಕವರು ಸೂಪರಾಕ್ಸೈಡ್, ಫ್ರೀ ರ್ಯಾಡಿಕಲ್ ವಂಶದ ಹಿರಿಯರು. ಹಿರಿತನ ವಯಸ್ಸಿನದಲ್ಲ, ಸೆಕೆಂಡಿನ ಸಣ್ಣದೊಂದು ಚೂರಿನಷ್ಟೇ ಇವರ ಆಯಸ್ಸು. ಹಾಗಾಗಿ ಒಂದೊಂದು ಉತ್ತರವನ್ನೂ ಒಬ್ಬೊಬ್ಬರು ಕೊಟ್ಟಿದ್ದಾರೆ. ಉದ್ದದ ಉತ್ತರಗಳು ತಲೆಮಾರುಗಳನ್ನು ದಾಟಿ ಮುಗಿದಿವೆ. ಧಾಟಿ ಎಲ್ಲರದೂ ಒಂದೇ ಆದ್ದರಿಂದ ಹೆಸರು ಬದಲಿಸುವ ಗೋಜಿಗೆ ಹೋಗಿಲ್ಲ.

ನಾವು: ನಮಸ್ಕಾರ. ಮೊದಲು ತಮ್ಮ ಪರಿಚಯ...

ಅವರು: ಅದಕ್ಕೆಲ್ಲ ಪುರುಸೊತ್ತೆಲ್ಲಿ ಸ್ವಾಮಿ? ಆಮ್ಲಜನಕಕ್ಕೆ ಎಲೆಕ್ಟ್ರಾನ್ ಒಂದು ಹೆಚ್ಚಿಗೆ ಅಂಟಿಕೊಂಡರೆ ನಾನು. ಆ ಎಲೆಕ್ಟ್ರಾನಿಗೆ ಜೋಡಿಯಿಲ್ಲ. ಅಷ್ಟಕ್ಕೇ ನಮ್ಮ ಮೇಲೆ ರೌಡಿ ಶೀಟ್ ತೆರೆದಿದ್ದಾರೆ.

ನಾವು: ಸುಮ್ಮನೆ ತೆರೆಯುತ್ತಾರೆಯೇ? ಜೀವಕೋಶದ ಪೊರೆ, ಪ್ರೋಟೀನು, ಡಿಎನ್‌ಎ ಎಲ್ಲವನ್ನೂ ಹಾಳುಗೆಡವಿದ ದೂರುಗಳಿವೆ.

ಅವರು: ಅದು ನನ್ನ ಮೊಮ್ಮಗ ಹೈಡ್ರಾಕ್ಸಿಲ್‌ನ ಕೆಲಸ. ಹುಟ್ಟಿದ ಜಾಗದಿಂದ ಕದಲುವ ಮೊದಲೇ ಪಕ್ಕದಲ್ಲಿದ್ದವರನ್ನು ಕಚ್ಚಿರುತ್ತಾನೆ. ಇಲ್ಲವೆನ್ನುವುದಿಲ್ಲ. ಆದರೆ ಪೂರ್ತಿ ವಂಶಕ್ಕೇ ಕೆಟ್ಟ ಹೆಸರು ಬಂತು ನೋಡಿ. 1956ರಲ್ಲಿ ಡೆನ್‌ಹ್ಯಾಮ್ ಹಾರ್ಮನ್ ಎಂಬ ಅಮೆರಿಕದ ವಿಜ್ಞಾನಿ, ಮುಪ್ಪು ಬರುವುದೇ ನಮ್ಮಿಂದ ಎಂದು ಬರೆದರು. 1982ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದವರು ಇಲಿಗಳನ್ನು ಸುಸ್ತಾಗಿ ಬೀಳುವವರೆಗೂ ಓಡಿಸಿ ಸ್ನಾಯು, ಯಕೃತ್ತು ತೆಗೆದು ನೋಡಿದರೆ ನಾವು ಎರಡು ಮೂರು ಪಟ್ಟು ಹೆಚ್ಚಾಗಿದ್ದೆವಂತೆ. ಅಲ್ಲಿಂದಾಚೆ ಎಲ್ಲಿ ಓಟವೋ ಅಲ್ಲಿ ನಾವು, ಎಲ್ಲಿ ನಾವೋ ಅಲ್ಲಿ ಡಬ್ಬಿ.

ನಾವು: ಯಾವ ಡಬ್ಬಿ?

ಅವರು: ಆಂಟಿ ಆಕ್ಸಿಡೆಂಟ್ ಡಬ್ಬಿ ಸ್ವಾಮಿ! ಗ್ಯಾಲರಿಯಲ್ಲಿ ಕೂತಿದ್ದಾರಲ್ಲ ಹುಡುಗಿಯ ತಂದೆ, ನೀರಿನ ಬಾಟಲಿಗೆ ಬುರುಬುರು ನೊರೆಯೇಳುವ ಮಾತ್ರೆ ಹಾಕುತ್ತಿದ್ದಾರೆ. 1,000 ಮಿಲಿಗ್ರಾಂ ವಿಟಮಿನ್ ಸಿ. ಬಹುಪಾಲು ಬಚ್ಚಲ ದಾರಿ ಹಿಡಿಯುತ್ತದೆ. ಉಳಿದದ್ದು ನಮ್ಮ ಮೇಲೆ ಲಾಠಿ ಬೀಸುತ್ತದೆ.

ನಾವು: ಹೆತ್ತವರು ಮಗಳಿಗೆ ರಕ್ಷಣೆ ಕೊಟ್ಟರೆ ತಪ್ಪೇ?

ಅವರು: ಯಾರಿಂದ ರಕ್ಷಣೆ? ಅದನ್ನು ಮೊದಲು ಕೇಳಿ. ಉಸಿರಾಡುವ ಆಮ್ಲಜನಕದಲ್ಲಿ ನೂರಕ್ಕೆ ಎರಡರಿಂದ ಐದು ಪಾಲು ಜೀವಕೋಶದ ಶಕ್ತಿಮನೆಯಾದ ಮೈಟೋಕಾಂಡ್ರಿಯಾದಲ್ಲಿ ಸೋರಿ ನಾವಾಗುತ್ತೇವೆ ಎಂದು ಹಳೆಯ ಪಠ್ಯಗಳಲ್ಲಿತ್ತು. ಓಡುವಾಗ ಆಮ್ಲಜನಕದ ಬಳಕೆ ಹತ್ತಾರು ಪಟ್ಟು ಏರುತ್ತದೆ, ಸೋರಿಕೆಯೂ ಅಷ್ಟೇ ಏರುತ್ತದೆ ಎಂದು ಲೆಕ್ಕ ಹಾಕಿ ಹೆದರಿದರು. ಆ ಲೆಕ್ಕ ಬಂದದ್ದು ಗಾಜಿನ ಕೊಳವೆಯಿಂದ. ಜೀವಂತ ಸ್ನಾಯುವಿನಲ್ಲಿ ಸೋರುವುದು ಅದಕ್ಕಿಂತ ತೀರ ಕಡಿಮೆ. ದುಡಿಯುವ ಸ್ನಾಯು ಎನ್‌ಎಡಿಪಿಎಚ್ ಆಕ್ಸಿಡೇಸ್ ಎಂಬ ಕಿಣ್ವದಿಂದ ನಮ್ಮನ್ನು ಬೇಕೆಂದೇ ತಯಾರಿಸಿಕೊಳ್ಳುತ್ತದೆ. ನಾವು ಸೋರಿ ಬಂದವರಲ್ಲ ಸ್ವಾಮಿ, ಕರೆಸಿಕೊಂಡವರು.

ನಾವು: ಕರೆಸಿದ್ದು ಯಾವ ಕೆಲಸಕ್ಕೆ?

ಅವರು: ವರ್ತಮಾನ ಮುಟ್ಟಿಸಲಿಕ್ಕೆ. ನನ್ನ ಮಗ ಹೈಡ್ರೋಜನ್ ಪೆರಾಕ್ಸೈಡ್ ಸ್ವಲ್ಪ ಸಮಾಧಾನಿ. ಅಷ್ಟು ದೂರ ನಡೆದು, ಕೋಶದ ಕೇಂದ್ರಕ್ಕೆ 'ಇವತ್ತು ಭಾರ ಹೆಚ್ಚಾಯಿತು, ನಾಳೆಗೆ ತಯಾರಾಗಿ' ಎಂಬ ಸುದ್ದಿ ತಲುಪಿಸುತ್ತಾನೆ. ಅದು ತಲುಪಿದ ಮೇಲೇ ಹೊಸ ಮೈಟೋಕಾಂಡ್ರಿಯಾ ಕಟ್ಟುವ ಕೆಲಸ ಶುರು. ನಮ್ಮನ್ನು ಹಿಡಿದುಹಾಕುವ ಪೇದೆಗಳ ನೇಮಕಾತಿಯೂ ಆಗಲೇ. 1969ರಲ್ಲಿ ಮೆಕಾರ್ಡ್ ಮತ್ತು ಫ್ರಿಡೋವಿಚ್ ಗುರುತಿಸಿದ ಸೂಪರಾಕ್ಸೈಡ್ ಡಿಸ್ಮ್ಯುಟೇಸ್, ಜೊತೆಗೆ ಕ್ಯಾಟಲೇಸ್, ಗ್ಲುಟಾಥಯೋನ್... ಠಾಣೆ ಒಳಗೇ ಇದೆ. ತರಬೇತಿ ಎಂದರೆ ಅದಕ್ಕೆ ಸಿಬ್ಬಂದಿ ಹೆಚ್ಚಿಸಿಕೊಳ್ಳುವುದು. ಹೊರಗಿನ ಲಾಠಿ ದಿನವೂ ಬಂದರೆ ಒಳಗಿನ ನೇಮಕಾತಿ ಯಾಕೆ ಆಗುತ್ತದೆ?

ನಾವು: ಇದು ಆರೋಪಿಯ ಹೇಳಿಕೆ. ಸಾಕ್ಷಿ?

ಅವರು: 2009ರಲ್ಲಿ ಜರ್ಮನಿಯ ಮೈಕೆಲ್ ರಿಸ್ಟೋ ತಂಡ ಯುವಕರಿಗೆ ನಾಲ್ಕು ವಾರ ವ್ಯಾಯಾಮ ಮಾಡಿಸಿತು. ಕೆಲವರಿಗೆ ದಿನಕ್ಕೆ 1,000 ಮಿಲಿಗ್ರಾಂ ವಿಟಮಿನ್ ಸಿ, ಜೊತೆಗೆ ವಿಟಮಿನ್ ಇ. ಇನ್ಸುಲಿನ್ ಕೆಲಸ ಸುಧಾರಿಸಿದ್ದು ಮಾತ್ರೆ ನುಂಗದವರಲ್ಲಿ. 2014ರಲ್ಲಿ ನಾರ್ವೆಯಲ್ಲಿ ಹನ್ನೊಂದು ವಾರ ಹೀಗೇ ನೋಡಿದರು. ಹೊಸ ಮೈಟೋಕಾಂಡ್ರಿಯಾ ಕಟ್ಟುತ್ತಿರುವ ಗುರುತು ಮಾತ್ರೆಯವರಲ್ಲಿ ಏರಲಿಲ್ಲ. ಆದರೆ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಎರಡೂ ಗುಂಪಿನಲ್ಲಿ ಒಂದೇ ಸಮ ಏರಿತು, ಅದನ್ನೂ ಬರೆದುಕೊಳ್ಳಿ. ನಾವು ರೌಡಿಗಳಿರಬಹುದು, ಜಾಹೀರಾತಿನವರಲ್ಲ.

ನಾವು: ಅವರೆಲ್ಲ ದೊಡ್ಡವರು. ಇವಳಿನ್ನೂ ಬೆಳೆಯುವ ಮಗು.

ಅವರು: ಸರಿಯಾಗಿ ಹೇಳಿದಿರಿ. ದೊಡ್ಡವರಿಗೇ ಗಟ್ಟಿ ಲಾಭ ತೋರಿಸಲಾಗದ ಮಾತ್ರೆಯನ್ನು ಮಗುವಿನ ಬಾಟಲಿಗೆ ಹಾಕುವ ಧೈರ್ಯ ನಮಗಂತೂ ಇಲ್ಲ.

ನಾವು: ಹಾಗಾದರೆ ನಿಮ್ಮಿಂದ ಅಪಾಯವೇ ಇಲ್ಲವೆ?

ಅವರು: ಉಂಟು. ಒಂದು ಕಠಿಣ ಅಭ್ಯಾಸದ ಗಲಾಟೆ ಆರುವ ಮೊದಲೇ ಇನ್ನೊಂದು, ಅದರ ಮೇಲೆ ಮತ್ತೊಂದು ಬಂದು ಬಿದ್ದರೆ ಮೊಮ್ಮಗನ ಕಾರುಬಾರು ಶುರು. ಇವಳ ದಿನಚರಿ ಕೇಳಿ: ನಾಲ್ಕೂವರೆಗೆ ಅಲಾರಂ. ಇಲ್ಲಿ ಓಟ. ಹಸಿದ ಹೊಟ್ಟೆಯಲ್ಲೇ ಬಸ್ಸು, ಮೊದಲ ಪಿಯುಸಿ ಕ್ಲಾಸು. ಸಂಜೆ ಮತ್ತೆ ಓಟ. ಆಮೇಲೆ ಸಿಇಟಿ ಕೋಚಿಂಗ್. ಮಲಗುವುದು ಹನ್ನೊಂದೂವರೆಗೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾತಜ್ಞರು. ಇವಳಿಗೆ ಸಿಗುವುದು ಐದು. ಕೋಚ್ ಕೊಟ್ಟ ಭಾರದ ಮೇಲೆ ಕಾಲೇಜಿನದು, ಅದರ ಮೇಲೆ ಮನೆಯವರದು. ಆಕ್ಸಿಡೇಟಿವ್ ಸ್ಟ್ರೆಸ್ ಅಂತ ಬಿಲ್ಲು ಬರುವುದು ಮಾತ್ರ ನಮ್ಮ ಹೆಸರಿಗೆ!

ನಾವು: ಸಮಾಧಾನ, ಸಮಾಧಾನ. ಊಟದ ವಿಚಾರ?

ಅವರು: ಮನೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು ಇದೆ. ಕ್ರೀಡಾಂಗಣದ ಹೊರಗೆ ಗಾಡಿಯಲ್ಲಿ ಸೀಬೆಹಣ್ಣಿದೆ. 100 ಗ್ರಾಂ ತಿಂದರೆ 200 ಮಿಲಿಗ್ರಾಂ ಮೇಲೆಯೇ ವಿಟಮಿನ್ ಸಿ. ಏನು ಮಾಡುವುದು, ಸೀಬೆಹಣ್ಣಿನ ಮೇಲೆ ಓಡುವವರ ಚಿತ್ರ ಅಂಟಿಸಿರುವುದಿಲ್ಲ. ಹುಡುಗಿಯರಿಗೆ ಇನ್ನೊಂದು ತಾಪತ್ರಯ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆ. ಇವಳ ಕೊನೆಯ ಸುತ್ತು ನಿಧಾನವಾದರೆ ನಮ್ಮನ್ನು ಹಿಡಿಯುವ ಮೊದಲು ಹಿಮೋಗ್ಲೋಬಿನ್, ಫೆರಿಟಿನ್ ಪರೀಕ್ಷೆ ಮಾಡಿಸಬಾರದೇ? ಹಾಗಂತ ಕಬ್ಬಿಣದ ಮಾತ್ರೆಯನ್ನೂ ಡಾಕ್ಟರನ್ನು ಕೇಳದೆ ಸುರಿಯಬೇಡಿ. ಬಿಡಿ ಕಬ್ಬಿಣ ಸಿಕ್ಕಿತೆಂದರೆ ನನ್ನ ಮಗನಿಂದ ಮೊಮ್ಮಗ ಹುಟ್ಟುತ್ತಾನೆ. ಮನೆಯ ಗುಟ್ಟು, ಬರೆಯಬೇಡಿ.

ನಾವು: ಬರೆದಾಯಿತು. ಡಬ್ಬಿಯವರ ಬಗ್ಗೆ ಕೊನೆಯ ಮಾತು?

ಅವರು: ಡಬ್ಬಿಯೊಳಗೆ ಏನಿದೆ ಎಂದು ಲೇಬಲ್ ಪೂರ್ತಿ ಹೇಳದೆಯೂ ಇರಬಹುದು. ನಿಷೇಧಿತ ಮದ್ದು ಬೆರೆತ ಸಪ್ಲಿಮೆಂಟ್ ನುಂಗಿ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದವರಿದ್ದಾರೆ. 'ನನಗೆ ಗೊತ್ತಿರಲಿಲ್ಲ' ಎಂದರೆ ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾ ಬಿಟ್ಟುಬಿಡುವುದಿಲ್ಲ. ಮೈಯಲ್ಲಿ ಏನು ಸಿಕ್ಕರೂ ಹೊಣೆ ಕ್ರೀಡಾಪಟುವಿನದೇ. ಆಗ ಅಪ್ಪನೂ ಇಲ್ಲ, ಅಂಗಡಿಯವನೂ ಇಲ್ಲ.

ನಾವು: ಅವಳ ತಂದೆಗೆ ಏನಾದರೂ ತಿಳಿಸಬೇಕೆ?

ಅವರು: ವಾರದಲ್ಲಿ ಎರಡು ಸಂಜೆ ಓಟವನ್ನೋ ಕೋಚಿಂಗನ್ನೋ ಬಿಡಿಸಿ, ಹುಡುಗಿಯನ್ನು ಒಂಬತ್ತಕ್ಕೇ ಮಲಗಿಸಿ ಎಂದು ಹೇ—

(ಅಷ್ಟರಲ್ಲಿ ಡಿಸ್ಮ್ಯುಟೇಸ್ ಬಂದದ್ದರಿಂದ ಸಂದರ್ಶನ ಅಲ್ಲಿಗೇ ನಿಂತಿತು. ಸಂದೇಶವನ್ನು ಗ್ಯಾಲರಿಗೆ ಮುಟ್ಟಿಸಿದೆವು. ತಂದೆಯವರು ಪೂರ್ತಿ ಕೇಳಿಸಿಕೊಂಡು, ತಲೆದೂಗಿ, ಬಾಟಲಿಯನ್ನು ಇನ್ನೊಮ್ಮೆ ಕುಲುಕಿ, "ಎಲ್ಲಾ ಸರಿ ಸಾರ್, ಎಂಟು ಗಂಟೆ ನಿದ್ದೆಗೆ ಸಮ ಆಗೋ ಅಂಥ ಮಾತ್ರೆ ಏನಾದ್ರೂ ಬಂದಿದ್ಯಾ?" ಎಂದು ಕೇಳಿದರು.)