ಬ್ಯಾಕಪ್ ರಾಯರು

ಮಾರ್ಚ್ 31 ಊರಿಗೆಲ್ಲ ಲೆಕ್ಕ ಮುಗಿಸುವ ದಿನ. ಬ್ಯಾಕಪ್ ರಾಯರಿಗೆ ಅದು ವಿಶ್ವ ಬ್ಯಾಕಪ್ ದಿನ. 2011ರಿಂದ ನಡೆದು ಬಂದರೂ ಪಂಚಾಂಗದವರು ಇನ್ನೂ ಇದನ್ನು ಹಬ್ಬಗಳ ಪಟ್ಟಿಗೆ ಸೇರಿಸಿಲ್ಲವಲ್ಲ ಎಂಬುದೇ ಅವರ ಕೊರಗು. ಅಂದು ಸ್ನಾನ ಮುಗಿಸಿ ಕಂಪ್ಯೂಟರಿಗೆ ಪೆನ್‌ಡ್ರೈವ್ ಚುಚ್ಚಿದರೆಂದರೆ ಮನೆಯಲ್ಲಿ ಮಿಕ್ಸಿ ಬಂದ್. ಫ್ಯೂಸ್ ಹೋದರೆ ಗತಿಯೇನು?

ಇಂಥವರೊಬ್ಬರು ನಿಮ್ಮ ಬಡಾವಣೆಯಲ್ಲೂ ಇದ್ದಾರೆ: ನಿವೃತ್ತ ಎಂಜಿನಿಯರು, ಎದೆಜೇಬಿನಲ್ಲಿ ಪೆನ್ನಿನ ಪಕ್ಕ ಪೆನ್‌ಡ್ರೈವ್. "ಫೋಟೋ ಎಲ್ಲ ಕಾಪಿ ಮಾಡಿಟ್ಟಿದ್ದೀನಿ ಸಾರ್" ಅಂದು ನೋಡಿ, ನಿಮ್ಮ ಮೇಲೆ ಕನಿಕರ ಉಕ್ಕುತ್ತದೆ. "ಬರೀ ಫೈಲಾ? ವಿಂಡೋಸು? ಪ್ರೋಗ್ರಾಮು? ಬೂಟ್ ಪಾರ್ಟಿಶನ್ನು? ಇಡೀ ಡಿಸ್ಕಿನ ಇಮೇಜ್ ತೆಗೀಬೇಕ್ರೀ!" ಹಿಂದೆ ಅವರು ಇಮೇಜ್ ತೆಗೆಯುವ ತಂತ್ರಾಂಶ ನಾರ್ಟನ್ ಘೋಸ್ಟಿನ ಭಕ್ತರು. 2013ರಲ್ಲಿ ಸಿಮ್ಯಾಂಟೆಕ್ ಅದನ್ನು ನಿಲ್ಲಿಸಿದಾಗ ಮನೆಗೆ ಸೂತಕ ಬಂದಂತಾಗಿತ್ತು. ಈಗ ತೈವಾನಿನ ಕ್ಲೋನ್‌ಜಿಲ್ಲಾ. ದುಡ್ಡು ಕೊಡಬೇಕಿಲ್ಲ, ಮೌಸ್ ಬೇಕಿಲ್ಲ, ಪಕ್ಕದಲ್ಲಿ ನಿಂತವರಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ರಾಯರಿಗೆ ಹೆಚ್ಚು ಹಿಡಿಸಿದ್ದು ಈ ಕೊನೆಯದೇ.

ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಾಚೆ: ಇದು ಅವರ ನಿತ್ಯಪಾರಾಯಣ. ಮನೆಯಾಚೆಯ ಪ್ರತಿ ಇರುವುದು ಮೈಸೂರಿನ ಮಗಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ನಡುವೆ. ಆ ಕಡೆ ಹೊರಟವರು ಯಾರೇ ಸಿಗಲಿ, ಅವರಾಕೆ ಹುಳಿಪುಡಿ ಕಟ್ಟಿಕೊಟ್ಟರೆ ಇವರು ಹಾರ್ಡ್ ಡಿಸ್ಕ್ ಕಟ್ಟಿಕೊಡುತ್ತಾರೆ. ಹುಳಿಪುಡಿಯಾದರೂ ಖರ್ಚಾಗುತ್ತದೆ. ಇಷ್ಟು ಕಾವಲು ಯಾವ ನಿಧಿಗೆ ಅಂತೀರಾ? ಹಳೆಯ ಕರೆಂಟ್ ಬಿಲ್ಲುಗಳು, ಹೋಗಿಬಂದ ರೈಲುಗಳ ಟಿಕೆಟ್ಟು, ವಾಟ್ಸಾಪಿನ ಶುಭೋದಯದ ಗುಲಾಬಿಗಳು.

"ರಿಸ್ಟೋರ್ ಮಾಡಿ ನೋಡಿದ್ದೀರಾ ಸಾರ್?" ಎಂದರೆ ಮಾತ್ರ ರಾಯರು ತಣ್ಣಗಾಗುತ್ತಾರೆ. ರಿಸ್ಟೋರ್ ಅಂದರೆ ಡಿಸ್ಕಿನಲ್ಲಿ ಇದ್ದಬದ್ದದ್ದನ್ನೆಲ್ಲ ಅಳಿಸಿ ಅದರ ಮೇಲೆ ಇಮೇಜ್ ಬರೆಯುವುದು. ಅದಕ್ಕೆ ಮುಂಚೆ ಕ್ಲೋನ್‌ಜಿಲ್ಲಾ "ಖಂಡಿತಾನಾ?" ಎಂದು ಎರಡೆರಡು ಸಲ ಕೇಳುತ್ತದೆ. ರಾಯರು ಮೊದಲನೆಯದಕ್ಕೇ ಬೆವೆತು, 'ಎನ್' ಒತ್ತಿ, ಕಾಫಿಗೆ ಏಳುತ್ತಾರೆ.

ಕೊನೆಗೊಂದು ದಿನ ಡಿಸ್ಕೇ ಕೈಕೊಟ್ಟಿತು. ಎಸ್.ಪಿ. ರಸ್ತೆಯಿಂದ ಹೊಸದು ಬಂತು. ದೊಡ್ಡ ಡಿಸ್ಕಿನ ಇಮೇಜ್ ಚಿಕ್ಕದಕ್ಕೆ ಸುಲಭವಾಗಿ ಇಳಿಯದೆಂದು, ಬೆಳೆಯುವ ಹುಡುಗನಿಗೆ ಅಂಗಿ ತಂದಂತೆ ಒಂದು ಸೈಜ್ ದೊಡ್ಡದೇ ತಂದಿದ್ದರು. ಖಾಲಿ ಡಿಸ್ಕಿನಲ್ಲಿ ಅಳಿಸಲು ಏನೂ ಇರಲಿಲ್ಲ; ಆದರೂ 'ವೈ' ಒತ್ತುವಾಗ ಬೆರಳು ನಡುಗಿತು. ಸಂಜೆಯ ಹೊತ್ತಿಗೆ ಬಿಲ್ಲು, ಟಿಕೆಟ್ಟು, ಗುಲಾಬಿ ಎಲ್ಲ ಹಾಜರ್. ಬೀದಿಯವರೆಲ್ಲ ಬಂದು ನೋಡಿ ಹೋದರು.

"ಹಾಗಾದರೆ ನನ್ನ ಟಿಕೆಟ್ ಪ್ರಿಂಟ್ ಹಾಕಿಕೊಡಿ" ಎಂದರು ಅವರಾಕೆ. ಒತ್ತಿದರೆ, ವರ್ಷದಿಂದ ಮುಷ್ಕರ ಹೂಡಿದ್ದ ಪ್ರಿಂಟರಿನ ಅದೇ ಹಳೆಯ ಎರರ್.

ರಾಯರ ಮುಖ ಅರಳಿತು. "ನೋಡಿದೆಯೇನೇ? ಕೆಟ್ಟಿದ್ದು ಕೂಡ ಒಂಚೂರೂ ಬದಲಾಗದೆ ವಾಪಸ್ ಬಂದಿದೆ!"