ಕಾಲು ಹಿಡಿದವರ ಮಾತು

ಶನಿವಾರ ಬೆಳಗಿನ ಜಾವ ಶಿವಮೊಗ್ಗ ಬಿಟ್ಟು, ಕೊಡಚಾದ್ರಿ ಹತ್ತಿ, ಭಾನುವಾರ ರಾತ್ರಿ ಮನೆಗೆ ಬಂದು ಕಾಲುಚೀಲ ಕಳಚಿದರೆ ಮಡಿಕೆಯೊಳಗೆ ಒಂದು ಉಂಬಳ. ಕಪ್ಪು ದ್ರಾಕ್ಷಿಯ ಹಾಗೆ ಉಬ್ಬಿ ಕೂತಿತ್ತು. ನಾವು ನಾಲ್ವರು ಗೆಳೆಯರ ಸಾಹಸವನ್ನು ನೆಲಮಟ್ಟದಿಂದ ಕಂಡ ಸಾಕ್ಷಿ ಅದೊಂದೇ. ಖಾಲಿ ಉಪ್ಪಿನಕಾಯಿ ಬಾಟಲಿಗೆ ಹಾಕಹೋದೆ. ಉಪ್ಪಿನ ವಾಸನೆಗೇ ಮುದುಡಿತು. ಮೂರು ಸಲ ತೊಳೆದು, ತುಳಸಿಕಟ್ಟೆಯ ಪಾಚಿ ಹಾಸಿಕೊಟ್ಟ ಮೇಲೆ ಬಾಯಿ ಬಿಟ್ಟಿತು.

ತಮ್ಮ ಪರಿಚಯ?

ಊರು ಹಿಡ್ಲುಮನೆ ಜಲಪಾತದ ದಾರಿ, ಹೊಸನಗರ ತಾಲ್ಲೂಕು. ಗಂಡೂ ನಾನೇ, ಹೆಣ್ಣೂ ನಾನೇ. ಕಸುಬು ಕಾಲು ಹಿಡಿಯೋದು. ನಿಮ್ಮ ಪೇಟೆಯಲ್ಲೂ ಈ ಕಸುಬಿನವರು ಬಹಳ ಇದ್ದಾರಂತಲ್ಲ ಮಾರಾಯ್ರೇ? ಅವರು ಹೊಟ್ಟೆ ತುಂಬಿದ ಮೇಲೂ ಬಿಡೋದಿಲ್ಲ ಅಂತ ಕೇಳಿದೆ. ನಾವು ತುಂಬಿದ ಕೂಡಲೇ ಉದುರಿಬಿಡ್ತೇವೆ.

ನಾವು ಬರುವುದು ಹೇಗೆ ತಿಳಿಯಿತು?

ಉಸಿರು, ಮೈಯ ಬಿಸಿ, ನೆಲದ ನಡುಕ, ಇಷ್ಟು ಸಾಕು ನಮಗೆ. ನಿಮ್ಮ ವಿಷಯದಲ್ಲಿ ಅದೂ ಬೇಕಾಗಲಿಲ್ಲ. ನಮಗೆ ಕಿವಿ ಇಲ್ಲ. ಆದರೂ ನಿಮ್ಮ ಸ್ಪೀಕರಿನ ಹಾಡು ಗೊತ್ತಾಯ್ತು. ಕಾಡಿನ ಮೌನ ಕೇಳಬೇಕು ಅಂತ ಬಂದವರಂತೆ ನೀವು.

ಯಾರ ರಕ್ತ ರುಚಿ?

ಭದ್ರಾವತಿಯವನದು. ಡೇರೆ, ಒಲೆ, ಪಾತ್ರೆ ಎಲ್ಲ ಅವನ ಬೆನ್ನಿಗೆ ಹೇರಿದ್ದಿರಲ್ಲ. ಬಗ್ಗಿ ಬಗ್ಗಿ ನಡೆಯೋ ಕಾಲು ಹಿಡಿಯೋದು ಸುಲಭ. ಯೋಜನೆ ಹಾಕಿದ ಮಹಾಶಯನ ಚೀಲದಲ್ಲಿ ಏನಿತ್ತು? ಫೋಟೋಕ್ಕೆ ಅಂತ ಮೂರು ಅಂಗಿ, ಒಂದು ಪೊಟ್ಟಣ ಖಾರ ಮಂಡಕ್ಕಿ. ಮಂಡಕ್ಕಿಯನ್ನೂ ನಿಟ್ಟೂರು ದಾಟೋ ಮೊದಲೇ ಮುಗಿಸಿದ್ದ.

ಭದ್ರಾವತಿ ರಕ್ತದಲ್ಲಿ ಕಬ್ಬಿಣ ಜಾಸ್ತಿಯೇ?

ಅವನ ಅಪ್ಪನ ಕಾಲದಲ್ಲಿ ಇದ್ದಿರಬಹುದು. ಮೂಲ ಮೂಕಾಂಬಿಕೆ ಗುಡಿಯ ಹತ್ತಿರದ ಕಬ್ಬಿಣದ ಕಂಬ ಮುಟ್ಟಿಕೊಂಡು ಅವನು ಬಹಳ ಹೊತ್ತು ನಿಂತಿದ್ದ, ನೋಡಿದಿರಾ? ನೀವು ಸೆಲ್ಫಿಯಲ್ಲಿದ್ದಿರಿ. ವಿಶ್ವೇಶ್ವರಯ್ಯನವರ ಕನಸಿನ ಕಾರ್ಖಾನೆಯಲ್ಲಿ ಕಬ್ಬಿಣ ಹರಿದದ್ದು 1923ರ ಜನವರಿಯಲ್ಲಿ. ಸರಿಯಾಗಿ ನೂರು ವರ್ಷಕ್ಕೆ, 2023ರ ಜನವರಿಯಲ್ಲಿ, ಮುಚ್ತೇವೆ ಅನ್ನೋ ಮಾತು ಬಂತು. ಆಮೇಲೆ ಒಂದಿಷ್ಟು ಯಂತ್ರ ತಿರುಗಿದ್ದೂ ಉಂಟು. ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತಿತ್ತು. ಆ ಹುಡುಗ ಬೆಂಗಳೂರಲ್ಲಿ ಕೆಲಸ ಮಾಡಿ ಶುಕ್ರವಾರ ರಾತ್ರಿ ರೈಲು ಹತ್ತಿ ಬಂದವನು. ನಿದ್ದೆಗೆಟ್ಟ ರಕ್ತ, ಸ್ವಲ್ಪ ತೆಳು. ದೂರಲಿಕ್ಕಲ್ಲ, ಹೇಳಿದೆ.

ಕದ್ದು ಕುಡಿಯುವುದಕ್ಕೆ ನಾಚಿಕೆ ಇಲ್ಲವೇ?

ಸುಶ್ರುತನನ್ನು ಕೇಳಿ. ಜಲೌಕಗಳಲ್ಲಿ ಹನ್ನೆರಡು ಬಗೆ, ಆರು ವಿಷದವು, ಆರು ನಿರ್ವಿಷ ಅಂತ ವಿಂಗಡಿಸಿ, ರೋಗಿಗೆ ಹಚ್ಚೋದು ಹೇಗೆ ಅಂತ ಒಂದು ಅಧ್ಯಾಯವನ್ನೇ ಇಟ್ಟಿದ್ದಾನೆ. ಅವು ನೀರಿನ ಜಿಗಣೆಗಳು, ನಮ್ಮ ದಾಯಾದಿಗಳು. ಹೆಸರು ಅವರಿಗೆ, ಸುಣ್ಣ ಹೊಗೆಸೊಪ್ಪು ನಮಗೆ! ಇರಲಿ. ಒಂದು ಊಟ ಮಾಡಿದರೆ ತಿಂಗಳುಗಟ್ಟಲೆ ಸುಮ್ಮನಿರ್ತೇನೆ. ನೀವು ಅರ್ಚಕರ ಮನೆಯಲ್ಲಿ ಊಟ ಮಾಡಿ ಗಂಟೆಯಾಗಿರಲಿಲ್ಲ, ಬಿಸ್ಕತ್ತು ಬಿಚ್ಚಿದಿರಿ. ಪೊಟ್ಟಣದ ಕಾಗದ ಈಗಲೂ ನಮ್ಮ ಓಣಿಯಲ್ಲಿದೆ.

(ಅದು ನನ್ನದಲ್ಲ ಎಂದೆ. ಉಂಬಳ ಉತ್ತರ ಕೊಡಲಿಲ್ಲ.)

ಸರ್ವಜ್ಞ ಪೀಠದ ಅನುಭವ?

1343 ಮೀಟರ್ ಎತ್ತರ, ಶಂಕರಾಚಾರ್ಯರು ತಪಸ್ಸು ಮಾಡಿದರು ಅನ್ನೋ ಜಾಗ, ಕಲ್ಲಿನ ಪುಟ್ಟ ಮಂಟಪ. ಕೈ ಚಾಚಿದರೆ ಬೆರಳು ಕಾಣದಂಥ ಮಂಜು. ಆ ಮಂಜಿನಲ್ಲೇ ನಲವತ್ತು ಫೋಟೋ ತೆಗೆದು, ಎಲ್ಲದಕ್ಕೂ ‘ಸ್ವರ್ಗ’ ಅಂತ ಹೆಸರಿಟ್ಟಿರಿ. ನಲವತ್ತರಲ್ಲೂ ಬಿಳಿ ಬಣ್ಣ ಒಂದೇ. ಇಳಿಯುವಾಗ ಮಂಡಿ ನೋವು ಅಂತ ಜೀಪು ಹತ್ತಿದಿರಿ. ಕುಲುಕಾಟಕ್ಕೆ ಕುಡಿದದ್ದೆಲ್ಲ ಬಾಯಿಗೆ ಬಂತು ನನಗೆ. ಆ ಜೀಪು ಫೋಟೋದಲ್ಲಿ ಎಲ್ಲೂ ಇಲ್ಲ, ಯಾಕೆ?

ದಿನಕ್ಕೆ ಒಂದು ಚಾರಣದ ಹಾದಿಗೆ 300 ಮಂದಿ, ಅದೂ ಆನ್‌ಲೈನ್ ಬುಕಿಂಗ್ ಎಂದು ಸರ್ಕಾರ 2024ರಲ್ಲಿ ಮಿತಿ ಹಾಕಿತಲ್ಲ?

300 ಮಂದಿ ಅಂದರೆ 600 ಕಾಲು. ಸಾಕು. ನಮಗೆ ಹೆದರಿಕೆ ಅದರದಲ್ಲ, ಕೊಲ್ಲೂರಿನಿಂದ ಮೇಲಕ್ಕೆ ರೋಪ್‌ವೇ ಹಾಕ್ತಾರೆ ಅನ್ನೋ ಮಾತಿನದು. ಹಿಂದೆ ಕೆಮ್ಮಣ್ಣುಗುಂಡಿಯಿಂದ ಭದ್ರಾವತಿಯ ಕಾರ್ಖಾನೆಗಾಗಿ ಅದಿರು ತಂತಿಯ ಮೇಲೆ ತೂಗುತ್ತ ಇಳಿಯುತ್ತಿತ್ತಂತೆ. ಈಗ ಅದೇ ಥರ ಜನರನ್ನು ಹತ್ತಿಸ್ತಾರಂತೆ. ತಲೆ ಮೇಲೆ ಕಾಲು ತೂಗಾಡಿಸಿಕೊಂಡು ಹೋದರೆ ನಾವು ಯಾರ ಕಾಲು ಹಿಡಿಯೋಣ ಹೇಳಿ.

ಅಷ್ಟರಲ್ಲಿ ನನ್ನ ಮೊಬೈಲ್ ಟಣ್ ಎಂದಿತು. ಏನದು ಎಂದು ಉಂಬಳ ತಲೆ ಎತ್ತಿತು. ನಮ್ಮ ವಾಟ್ಸಾಪ್ ಗುಂಪು, ಬರುವ ಶನಿವಾರ ಮತ್ತೆ ಕೊಡಚಾದ್ರಿಯಂತೆ, ಹದಿನಾಲ್ಕು ಮಂದಿಯೂ ಹೆಬ್ಬೆರಳು ಎತ್ತಿದ್ದಾರೆ ಎಂದೆ.

“ಕಳೆದ ಸಲ ಎಷ್ಟು ಹೆಬ್ಬೆರಳು ಎದ್ದಿತ್ತು?”

“ಹದಿನಾಲ್ಕೇ.”

“ಹಾಗಾದರೆ ಎಂಟು ಕಾಲು,” ಎಂದು ಉಂಬಳ ಪಾಚಿಯ ಮೇಲೆ ಸುರುಳಿ ಸುತ್ತಿಕೊಂಡಿತು. “ನನ್ನನ್ನೂ ಕರ್ಕೊಂಡು ಹೋಗಿ. ಭದ್ರಾವತಿಯವನ ಚೀಲದಲ್ಲಿ ಹಾಕಬೇಡಿ, ಅವನಿಗೆ ಈಗಲೇ ಭಾರ ಹೆಚ್ಚು.”