ತೋಟೆ-ತೂಕ ಮೀಮಾಂಸೆ

ಪೀಠಿಕೆ

ರೈಫಲ್ಲಿನ ತೋಟೆಯಲ್ಲಿರುವುದು ನಾಲ್ಕೇ ವಸ್ತು: ಗುಂಡು, ಮದ್ದು, ಕೇಪು ಮತ್ತು ಇವನ್ನೆಲ್ಲ ಹಿಡಿದಿಡುವ ಹಿತ್ತಾಳೆಯ ಕೇಸು. ಮೊದಲ ಮೂರು ಒಂದೇ ಈಡಿಗೆ ಸಂದುಹೋಗುತ್ತವೆ, ಕೇಸು ಮಾತ್ರ ಉಳಿಯುತ್ತದೆ. ಅಮೆರಿಕದಲ್ಲಿ ಅದನ್ನು ಆಯ್ದು, ತೊಳೆದು, ಮತ್ತೆ ತುಂಬುವ ಹ್ಯಾಂಡ್‌ಲೋಡಿಂಗ್ ಪಂಥವೊಂದಿದೆ. ನಮ್ಮ ಕೋರ್ಟಿನ ಕೇಸಿನ ಹಾಗೆಯೇ ಇದೂ ಮುಗಿಯಿತೆಂದುಕೊಂಡಾಗ ಮತ್ತೆ ಶುರುವಾಗುತ್ತದೆ.

ಈ ಪಂಥದ ಒಂದು ಶಾಖೆಯವರು ಫ್ಯಾನು ಆರಿಸಿ, ಉಸಿರು ಬಿಗಿಹಿಡಿದು, ಖಾಲಿ ಕೇಸುಗಳನ್ನು ಒಂದೊಂದಾಗಿ ತಕ್ಕಡಿಗಿಡುತ್ತಾರೆ. ಅದೇಕೆ ಎಂಬುದೇ ಇಲ್ಲಿನ ಜಿಜ್ಞಾಸೆ.

ಮಾನಪ್ರಕರಣ

ಇವರ ಮಾನದಂಡ ಗ್ರೇನ್, ಅಂದರೆ ಧಾನ್ಯದ ಕಾಳು. ಏಳು ಸಾವಿರ ಕಾಳಿಗೆ ಒಂದು ಪೌಂಡು. ಒಂದು ಕಾಳಿಗೆ 64.8 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹೆಚ್ಚುಕಡಿಮೆ ಎರಡು ಗ್ರೇನ್ ತೂಗುತ್ತದೆ. ಇವರ ತಕ್ಕಡಿಯೋ ಗ್ರೇನಿನ ಹತ್ತನೇ ಒಂದು ಪಾಲನ್ನೂ ತೋರಿಸುತ್ತದೆ. ಗುಲಗಂಜಿಯಲ್ಲಿ ತೂಗಿದ ಚಿನ್ನಕ್ಕೆ ಸಿಗದ ಈ ಮರ್ಯಾದೆ ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು ಬೆರೆಸಿದ ಮಿಶ್ರಲೋಹಕ್ಕೆ ದಕ್ಕಿದೆ. ಕಲಿಗಾಲ!

ಪೂರ್ವಪಕ್ಷ

ತೂಗುವವರ ವಾದ ಹೀಗಿದೆ. ಕೇಸುಗಳ ಹೊರಮೈ ಒಂದೇ ಅಳತೆಯದಾದರೆ, ಹೆಚ್ಚು ತೂಗುವುದರ ಗೋಡೆ ದಪ್ಪ. ಗೋಡೆ ದಪ್ಪವಾದರೆ ಒಳಜಾಗ ಕಿರಿದು. ಅಷ್ಟೇ ಮದ್ದು ಕಿರಿದಾದ ಜಾಗದಲ್ಲಿ ಉರಿದರೆ ಒತ್ತಡ ಏರುತ್ತದೆ, ವೇಗ ಬದಲಾಗುತ್ತದೆ, ದೂರದ ಗುರಿಹಲಗೆಯ ಮೇಲೆ ಗುಂಡು ಮೇಲೋ ಕೆಳಗೋ ಬೀಳುತ್ತದೆ. ವಾದದಲ್ಲಿ ಹುರುಳಿದೆ. 1952ರಲ್ಲಿ ಬಂದ .308 ವಿಂಚೆಸ್ಟರ್ ತೋಟೆಯನ್ನೇ ನೋಡಿ: ಒಬ್ಬ ತಯಾರಕನ ಕೇಸು 160 ಗ್ರೇನಿನ ಆಸುಪಾಸಿನಲ್ಲಿದ್ದರೆ ಇನ್ನೊಬ್ಬನದು 170 ದಾಟುತ್ತದೆ, ಸೈನ್ಯದ್ದು ಸಾಮಾನ್ಯವಾಗಿ ಇನ್ನೂ ಭಾರ. ಇವನ್ನೆಲ್ಲ ಒಂದೇ ಡಬ್ಬಿಯಲ್ಲಿ ಕಲಸಿ ಒಂದೇ ಅಳತೆಯ ಮದ್ದು ತುಂಬುವವನಿಗೆ ತಕ್ಕಡಿಗಿಂತ ಮೊದಲು ಬುದ್ಧಿ ಬೇಕು.

ಉತ್ತರಪಕ್ಷ

ಒಬ್ಬನೇ ತಯಾರಕನ, ಒಂದೇ ಕಂತಿನ ಕೇಸುಗಳಾದರೋ? ಹಿತ್ತಾಳೆ ನೀರಿಗಿಂತ ಸುಮಾರು ಎಂಟೂವರೆ ಪಟ್ಟು ಭಾರ. ಹಾಗಾಗಿ ಒಂದು ಗ್ರೇನ್ ಹೆಚ್ಚು ತೂಗುವ ಕೇಸು ಒಳಗೆ ಕಳೆದುಕೊಳ್ಳುವುದು ಹೆಚ್ಚೆಂದರೆ ಎರಡು ಸಾಸಿವೆ ಕಾಳಿನ ಜಾಗ. ಒಟ್ಟು ಒಳಜಾಗವೋ ಸುಮಾರು 56 ಗ್ರೇನ್ ನೀರು ಹಿಡಿಯುವಷ್ಟು. ಎರಡು ಸಾಸಿವೆಗಾಗಿ ರಾತ್ರಿಯ ನಿದ್ದೆ ಹೋಗುತ್ತಿದೆ.

ಆ ಹೆಚ್ಚಿನ ಗ್ರೇನು ಗೋಡೆಯಲ್ಲೇ ಇದೆ ಎಂಬ ಭರವಸೆಯೂ ಇಲ್ಲ. ಬುಡದ ಅಂಚಿನಲ್ಲೋ ಅದರ ಮೇಲಿನ ತೋಡಿನಲ್ಲೋ ಕೂತಿದ್ದರೆ ಒಳಜಾಗಕ್ಕೆ ಅದರ ಸುದ್ದಿಯೇ ಮುಟ್ಟದು. ಒಳಜಾಗ ತಿಳಿಯಬೇಕಾದರೆ ನೀರು ತುಂಬಿ ತೂಗಬೇಕು. ಅದು ಬೇಸರದ ಕೆಲಸವಾದ್ದರಿಂದ ಶಾಸ್ತ್ರವು ಅದನ್ನು ಮುಂದಿನ ಜನ್ಮಕ್ಕೆ ಬಿಟ್ಟಿದೆ. ಇನ್ನು ಬಂದೂಕನ್ನು ಮೇಜಿನ ಮೇಲಿಟ್ಟು ಹೊಡೆಯುವ, ಹತ್ತಿರದ ಗುರಿಯ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಒಂದೇ ತೂತಿನಲ್ಲಿ ಐದು ಗುಂಡು ತೂರಿಸುವ ಹಲವು ಘಟಾನುಘಟಿಗಳು ಮದ್ದನ್ನು ತೂಗುವುದೇ ಇಲ್ಲ. ನಮ್ಮಜ್ಜಿ ಪಾವಿನಲ್ಲಿ ಅಕ್ಕಿ ಅಳೆದಂತೆ ಅಳೆದು ಸುರಿಯುತ್ತಾರೆ.

ದೃಷ್ಟಾಂತ

ಬ್ರಿಟಿಷರ ಕಾಲದಲ್ಲಿ ಭಾರತದ ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿಟ್ಟ ತೋಟೆಗಳ ಹಿತ್ತಾಳೆ ತಾನಾಗಿಯೇ ಬಿರುಕು ಬಿಡುತ್ತಿತ್ತು. ಕಾರಣ ಸ್ಪಷ್ಟವಾದದ್ದು 1921ರಲ್ಲಿ: ಕುದುರೆ ಮೂತ್ರದಿಂದೇಳುವ ಅಮೋನಿಯದ ಗಾಳಿ, ಜೊತೆಗೆ ತಯಾರಿಕೆಯಲ್ಲಿ ಲೋಹದೊಳಗೆ ಉಳಿದುಬಿಟ್ಟ ಬಿಗಿತ. ತಕ್ಕಡಿಗಿಟ್ಟರೆ ಒಂದಕ್ಕೂ ತೂಕವಿಲ್ಲ. ಮೂಗಿಗೆ ಮಾತ್ರ ಒಂದು ಗೊತ್ತಾಗುತ್ತಿತ್ತು. ಇಂದಿಗೂ ಹಾಗೆಯೇ, ಕೆಡಿಸುವುದು ತಕ್ಕಡಿಗೆ ಸಿಗದು. ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ .308ರ ಗುಂಡನ್ನು ಸಾವಿರ ಗಜದಲ್ಲಿ ಎರಡು ಮೀಟರಿಗೂ ಹೆಚ್ಚು ಪಕ್ಕಕ್ಕೆ ತಳ್ಳುತ್ತದೆ. ಆದರೆ ಗಾಳಿಯನ್ನು ರಾತ್ರಿ ಮೇಜಿನ ಮೇಲಿಟ್ಟು ತೂಗಲಾದೀತೇ? ಬಂದೂಕಿನ ಕುದುರೆ ಎಳೆಯುವ ಬೆರಳಿನ ನಡುಕವನ್ನು? ಆಗದು. ಆದ್ದರಿಂದ ಹಿತ್ತಾಳೆಯನ್ನು ತೂಗುತ್ತಾರೆ.

ವ್ಯುತ್ಪತ್ತಿ ಮತ್ತು ಸಿದ್ಧಾಂತ

ಈ ತೂಗಾಟದ ರಹಸ್ಯ ಇಂಗ್ಲಿಷ್ ಬಲ್ಲವರಿಗೆ ಹೊಳೆಯದೆ ಹೋದದ್ದು ಅವರ ತಪ್ಪಲ್ಲ. ಅದು ಅಡಗಿರುವುದು ಕನ್ನಡದಲ್ಲಿ. ನಮ್ಮಲ್ಲಿ ತಕ್ಕಡಿಯಲ್ಲೂ ತೂಗುತ್ತೇವೆ, ತೊಟ್ಟಿಲನ್ನೂ ತೂಗುತ್ತೇವೆ. ತೂಕವೂ ತೂಕಡಿಕೆಯೂ ಒಂದೇ ಬೇರಿನವು. ಕೇಸು ತೂಗುವವನು ಮಾಡುವುದೂ ಇದನ್ನೇ: ನಾಳೆ ತಪ್ಪಲಿರುವ ಗುರಿಯ ಚಿಂತೆಯನ್ನು ಇಂದೇ ಜೋಗುಳ ಹಾಡಿ ಮಲಗಿಸುತ್ತಾನೆ. ಬೆಳಿಗ್ಗೆ ಗುಂಡು ಪಕ್ಕಕ್ಕೆ ಸರಿದಾಗ ಡಬ್ಬಿ ತಡವಿ, ಅರ್ಧ ಗ್ರೇನ್ ಹೆಚ್ಚಿದ್ದ ಕೇಸೊಂದನ್ನು ಹಿಡಿದೆತ್ತಿ ‘ಇದೇ ಕಳ್ಳ’ ಎನ್ನುತ್ತಾನೆ. ತಕ್ಕಡಿ ಹೇಳಿದ ಚಾಡಿಯನ್ನು ಪರೀಕ್ಷಿಸದೆ ನಂಬುವ ಕಿವಿ ಯಾವ ಲೋಹದ್ದೆಂದು ಕನ್ನಡಿಗರಿಗೆ ಹೇಳಬೇಕಿಲ್ಲ.

ಫಲಶ್ರುತಿ

ಈ ಪ್ರಬಂಧವನ್ನು ದಿನವೂ ಪಾರಾಯಣ ಮಾಡುವವರ ಕೇಸುಗಳೆಲ್ಲ ಸಮತೂಕದವಾಗುತ್ತವೆ. ಆಮೇಲೂ ಗುರಿ ತಪ್ಪಿದರೆ, ಪ್ರಬಂಧದ ಪ್ರತಿಯನ್ನೇ ತಕ್ಕಡಿಗಿಟ್ಟು ನೋಡತಕ್ಕದ್ದು.